ನೋವಿನ ಮಾತ್ರೆ: ಮನೆ ಗುಂಪಿನಲ್ಲಿ ಜಗಳ

ಶ್ರೀಧರ ಮಾವ: (ಫಾರ್ವರ್ಡ್) "ನೋವಿನ ಮಾತ್ರೆ ಕಿಡ್ನಿಗೆ ವಿಷ. ಯಾವತ್ತೂ ತಿನ್ನಬೇಡಿ. ಎಲ್ಲರಿಗೂ ಕಳಿಸಿ."

ಗೀತಾ: ಮಾವ, ದಯವಿಟ್ಟು ಅಳಿಸಿ. ಇದನ್ನು ಓದಿ ಅಮ್ಮ ಬೆಳಗಿನ ಮಾತ್ರೆ ಬಿಟ್ಟಿದ್ದಾರೆ. ಮಂಡಿ ಆಪರೇಷನ್ ಆಗಿ ಇನ್ನೂ ವಾರ ಕಳೆದಿಲ್ಲ. ಫಿಸಿಯೋ ಹುಡುಗಿ ಕಾಲು ಮುಟ್ಟಿದರೆ ಹಾಸಿಗೆ ಅಂಚು ಹಿಡಿದು ಅಳುತ್ತಾರೆ.

ಶ್ರೀಧರ ಮಾವ: ಸ್ವಲ್ಪ ತಡೆದುಕೊಳ್ಳಬೇಕಮ್ಮ. ನಮ್ಮ ಕಾಲದಲ್ಲಿ ಯಾರು ಮಾತ್ರೆ ನುಂಗುತ್ತಿದ್ದರು?

ಗೀತಾ: ಈಗ ಕಾಲು ಮಡಚದಿದ್ದರೆ ಮಂಡಿ ಬಿಗಿದುಕೊಳ್ಳುತ್ತದೆ. ಅಲ್ಲಾಡದೆ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಡಾಕ್ಟರು ಮಾತ್ರೆ ಬರೆದಿರುವುದೇ ಎದ್ದು ಓಡಾಡಲಿ ಅಂತ.

ರಘು: ಆದರೂ ಕಿಡ್ನಿ ವಿಷಯ ಸುಳ್ಳಲ್ಲ ಅಲ್ವಾ ಅಕ್ಕ?

ಗೀತಾ: ಸುಳ್ಳಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೂ ಪೆಟ್ಟು ಬೀಳಬಹುದು. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಜಾಸ್ತಿ. ಆ ಮಾತು ಬೇಕಿರುವುದು ಚಿಕ್ಕಪ್ಪನಿಗೆ. ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ತಂದು ಸೊಂಟನೋವಿಗೆ ದಿನಾ ನುಂಗುತ್ತಾರೆ. ಅಮ್ಮನ ನೋವು ಗಾಯ ಮಾಗಿದಂತೆ ಇಳಿಯುತ್ತದೆ. 3 ತಿಂಗಳು ದಾಟಿದ ನೋವಿನ ದಾರಿಯೇ ಬೇರೆ. ಎಷ್ಟೋ ಸಲ ಗಾಯ ಇರುವುದೇ ಇಲ್ಲ.

ಶ್ರೀಧರ ಮಾವ: ಗಾಯ ಇಲ್ಲ ಅಂದ ಮೇಲೆ ಬರೀ ಭ್ರಮೆ.

ಗೀತಾ: ಹಾಗೆ ಮಾತ್ರ ಅನ್ನಬೇಡಿ ಮಾವ. ನರಗಳು, ಮೆದುಳು ಅತಿ ಸೂಕ್ಷ್ಮ ಆಗಿಬಿಟ್ಟಿರುತ್ತವೆ. ಸಣ್ಣದಾಗಿ ಬಗ್ಗಿದರೂ ನಿಜವಾಗಿ ನೋಯುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇಂಥ ನೋವೇ ಒಂದು ಕಾಯಿಲೆ.

ಚಿಕ್ಕಪ್ಪ: ನನ್ನ ಎಂಆರ್‌ಐಯಲ್ಲಿ ಡಿಸ್ಕ್ ಉಬ್ಬಿದೆ ಅಂತ ಬರೆದಿದ್ದಾರೆ. ಮಾತ್ರೆ ಬಿಟ್ಟರೆ ಏಳೋದು ಹೇಗೆ?

ಗೀತಾ: ನೋವೇ ಇಲ್ಲದವರಿಗೆ ಎಂಆರ್‌ಐ ಮಾಡಿದರೂ ನಿಮ್ಮ ವಯಸ್ಸಿನಲ್ಲಿ ಅದು ತುಂಬಾ ಸಾಮಾನ್ಯ ಚಿಕ್ಕಪ್ಪ. ಕಾಲು ಸೋಲುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರ ಬರುವುದು ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ನಿಮಗೆ ಅದೇನೂ ಇಲ್ಲ. ಸುಮ್ನೆ ಮಲಗಿದರೆ ಸೊಂಟದ ಸ್ನಾಯು ಇನ್ನೂ ಸೊರಗುತ್ತದೆ. ದಿನಾ ಸ್ವಲ್ಪ ನಡೆಯಿರಿ, ವ್ಯಾಯಾಮ ಕಲಿಯಿರಿ. ಕೆಲವರಿಗೆ ಡ್ಯುಲೋಕ್ಸೆಟಿನ್‌ನಂಥ ಖಿನ್ನತೆಯ ಮಾತ್ರೆ ಕೊಡುತ್ತಾರೆ, ಅದು ನರಗಳ ನೋವಿನ ಅಬ್ಬರ ತಗ್ಗಿಸುತ್ತದೆ. ಕೊಟ್ಟರೆ ಹೆದರಬೇಡಿ.

ಚಿಕ್ಕಪ್ಪ: ಕಿಡ್ನಿಗೆ ಯಾವ ಟೆಸ್ಟ್?

ಗೀತಾ: ರಕ್ತದಲ್ಲಿ ಕ್ರಿಯಾಟಿನಿನ್, ಜೊತೆಗೆ ಮೂತ್ರ ಪರೀಕ್ಷೆ. ನಾಳೆಯೇ ಮಾಡಿಸಿ, ನಾನೂ ಬರುತ್ತೇನೆ. ಮಾವ, ಅದನ್ನು ಅಳಿಸಿದಿರಾ?