ಬರಪೊಳೆ ರಾಫ್ಟಿಂಗ್: ‘ಗ್ರೇಡ್ 4’ ಅಂದರೆ ಎಷ್ಟು ಅಪಾಯ?

ಮೈಸೂರಪ್ಪ:
ಜುಲೈ ಕೊನೆಗೆ ಕೊಡಗಿಗೆ ಹೊರಟಿದ್ದೇವೆ. ಮಗಳಿಗೆ ಹದಿನೈದು, ಬರಪೊಳೆಯಲ್ಲಿ ರಾಫ್ಟಿಂಗ್ ಆಗಲೇಬೇಕು ಅಂತ ಹಟ. ಬುಕಿಂಗ್ ಹಾಳೆಯಲ್ಲಿ ‘ಗ್ರೇಡ್ 4ರವರೆಗೆ’ ಅಂತ ಇದೆ. ದಾಂಡೇಲಿಯಲ್ಲಿ ಗ್ರೇಡ್ 3 ಮಾಡಿದ್ದಾಳೆ. ಅದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ ಅಲ್ವಾ?

ಕಾಳಿದಂಡೆ:
ಅಷ್ಟೇ ಅಲ್ಲ ಸರ್. ಗಣೇಶಗುಡಿಯಲ್ಲೂ ಋಷಿಕೇಶದಲ್ಲೂ ಗೈಡ್ ಆಗಿದ್ದೆ, ಆ ಅನುಭವದಿಂದ ಹೇಳುತ್ತೇನೆ.

ನದಿಯ ಸೆಳವು ಎಷ್ಟು ಕಷ್ಟ ಅಂತ ಹೇಳುವ ಗ್ರೇಡ್ 1ರಿಂದ 6ರವರೆಗೆ ಇದೆ. ಒಂದು, ಎರಡರ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಮೂರರಲ್ಲಿ ಅಲೆ ಅಡ್ಡಾದಿಡ್ಡಿ ಬರುತ್ತದೆ, ಬಂಡೆ ತಪ್ಪಿಸಿ ರಾಫ್ಟ್ ತಿರುಗಿಸಬೇಕು. ಬಿದ್ದರೂ ಸಾಮಾನ್ಯವಾಗಿ ನೀವೇ ಈಜಿ ಹೊರಗೆ ಬರಬಹುದು. ನಾಲ್ಕರಲ್ಲಿ ಬಿದ್ದವರನ್ನು ಬೇರೆಯವರು ಎತ್ತಬೇಕಾಗುತ್ತದೆ. ನಿಜವಾದ ವ್ಯತ್ಯಾಸ ಅದು. ಐದು ಪಳಗಿದವರಿಗೆ ಮಾತ್ರ. ಆರು ಬಂದರೆ ಸುಮ್ನೆ ದಡದಲ್ಲಿ ನಡೆಯುವುದೇ. ವಿಕ್ಟೋರಿಯಾ ಜಲಪಾತದ ಕೆಳಗೆ ಜಾಂಬೆಜಿ ನದಿಯಲ್ಲಿ ನೀರು ಬಂಡೆಗಳ ನಡುವೆ ಭೋರ್ಗರೆಯುವ 9ನೇ ರ‍್ಯಾಪಿಡ್‌ ಹತ್ತಿರ ಪ್ರವಾಸಿಗಳನ್ನೆಲ್ಲ ಇಳಿಸಿ, ದಡದಲ್ಲೇ ನಡೆಸಿ ದಾಟಿಸುತ್ತಾರೆ.

ಇನ್ನೊಂದು ವಿಷಯ. ಹಾಳೆಯಲ್ಲಿರುವ ನಂಬರ್ ಒಂದು ಮಟ್ಟದ ನೀರಿಗೆ ಮಾತ್ರ. ದಾಂಡೇಲಿಯ ಕಾಳಿ ನದಿಯಲ್ಲಿ ಸೂಪಾ ಅಣೆಕಟ್ಟಿನಿಂದ ಎಷ್ಟು ಬಿಟ್ಟರೋ ಅಷ್ಟು ನೀರು. ಬರಪೊಳೆಗೆ ಮಳೆಯೇ ಯಜಮಾನ. ಬ್ರಹ್ಮಗಿರಿ ಕಡೆ ರಾತ್ರಿಯಿಡೀ ಸುರಿದರೆ ಬೆಳಗ್ಗೆ ಹೊಳೆಯೇ ಬೇರೆ. ನಿನ್ನೆ ಕಂಡ ಬಂಡೆ ಇವತ್ತು ನೀರಿನಡಿ ಇರುತ್ತದೆ. ಅದರ ಹಿಂದೆ ನೀರು ಒಳಕ್ಕೆ ಮಗುಚುತ್ತಾ, ಸಿಕ್ಕಿದ್ದನ್ನು ಅಲ್ಲೇ ಹೊರಳಾಡಿಸುತ್ತದೆ.

ಡೆನ್ವರ್‌ಕನ್ನಡಿಗ:
ಇಲ್ಲಿ ಕೊಲರಾಡೊದ ಅರ್ಕನ್ಸಾ ನದಿಯಲ್ಲಿ ಜೂನ್‌ನಲ್ಲಿ ಹಿಮ ಕರಗಿದ ನೀರು. ಅಮೆರಿಕನ್ ವೈಟ್‌ವಾಟರ್ ಸಂಸ್ಥೆಯ ಮಾತು ಏನೆಂದರೆ, ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಒಂದು ಗ್ರೇಡ್ ಜಾಸ್ತಿ ಅಂತಲೇ ಲೆಕ್ಕ ಹಾಕಬೇಕು. ಕೊಡಗಿನಲ್ಲಿ ಆ ಚಳಿ ಇಲ್ಲ ಬಿಡಿ.

ಮೈಸೂರಪ್ಪ:
ಹಾಗಾದರೆ ಅಲ್ಲಿ ಹೋಗಿ ಏನು ಕೇಳಬೇಕು? ಅವಳಿಗೆ ಈಜು ಬರುತ್ತದೆ.

ಕಾಳಿದಂಡೆ:
ಕೊಳದ ಈಜು ಬೇರೆ, ಸೆಳವಿನ ಈಜು ಬೇರೆ. ‘ಇವತ್ತಿನ ನೀರಿಗೆ ಯಾವ ಗ್ರೇಡ್? ರಾತ್ರಿ ಮಳೆ ಎಷ್ಟಾಯಿತು? ಹೊಸದಾಗಿ ಮರ ಬಿದ್ದಿದೆಯಾ?’ ಅಂತ ಕೇಳಿ. ಮರದ ಪ್ರಶ್ನೆ ಬಿಡಬೇಡಿ. ಕೊಂಬೆಗಳ ನಡುವೆ ನೀರು ನುಸುಳಿ ಹೋಗುತ್ತದೆ, ಮನುಷ್ಯ ಹೋಗಲ್ಲ. ಮೇಲಿಂದ ಬರುವ ನೀರು ಅವನನ್ನು ಅಲ್ಲೇ ಒತ್ತಿ ಹಿಡಿಯುತ್ತದೆ. ಗ್ರೇಡ್ 2ರ ಜಾಗದಲ್ಲೂ ಇದು ಜೀವ ತೆಗೆಯಬಲ್ಲದು. ಸಣ್ಣ ಒಡ್ಡುಗಳೂ ಹಾಗೆಯೇ. ಮೇಲಿಂದ ನೋಡಿದರೆ ಶಾಂತ, ಕೆಳಗೆ ಬಿದ್ದರೆ ನೀರು ಬಿಡುವುದೇ ಇಲ್ಲ.

ರಾಫ್ಟ್ ಜೊತೆ ಸಣ್ಣ ದೋಣಿಯಾದ ಕಯಾಕ್‌ನಲ್ಲಿ ಒಬ್ಬರು ಬರುತ್ತಾರಾ ಅಂತ ನೋಡಿಕೊಳ್ಳಿ. ಬಿದ್ದವರನ್ನು ಮೊದಲು ಮುಟ್ಟುವುದು ಅವರೇ.

ಮಗಳಿಗೆ ಇದನ್ನು ಈಗಲೇ ಹೇಳಿಕೊಡಿ. ಬಿದ್ದರೆ ಅಂಗಾತ ತೇಲಬೇಕು. ಕಾಲು ನೀರು ಹರಿದು ಹೋಗುವ ಕಡೆಗೆ, ಪಾದ ಮೇಲಕ್ಕೆ. ಸೊಂಟದಷ್ಟೇ ನೀರಿದ್ದರೂ ಸೆಳವಿನಲ್ಲಿ ಎದ್ದು ನಿಲ್ಲಬಾರದು. ಪಾದ ಬಂಡೆ ಸಂದಿಗೆ ಸಿಕ್ಕರೆ ಹಿಂದಿನ ನೀರು ಬೆನ್ನು ಬಗ್ಗಿಸಿ ಮುಖ ಮುಳುಗಿಸುತ್ತದೆ.

ಆವತ್ತು ಗೈಡ್ ಬೇಡ ಅಂದರೆ ಒತ್ತಾಯ ಮಾಡಬೇಡಿ ಸರ್.