ಬಿಡಿ ಅರಿಶಿನದಲ್ಲಿ ಸೀಸ: ಸ್ಯಾಂಪಲ್ ಕಳಿಸುವ ಬಗ್ಗೆ

3ನೇ ಕ್ರಾಸ್ (ಆಹಾರ ಲ್ಯಾಬ್): ನಮಸ್ಕಾರ. ಗೇಟ್ ಬಳಿ ಚೀಲದಲ್ಲಿಟ್ಟು ಮಾರುವ ಅರಿಶಿನ ಕೊಂಬು ಮುಟ್ಟಿದರೆ ಬೆರಳಿಗೆ ಹಳದಿ ಪುಡಿ ದಪ್ಪಗೆ ಮೆತ್ತುತ್ತದೆ. ಮಂಕಾದ ಕೊಂಬಿಗೆ ಪಾಲಿಶ್ ಮಾಡುವಾಗ ಲೆಡ್ ಕ್ರೋಮೇಟ್ (ಸೀಸ, ಕ್ರೋಮಿಯಂ ಇರುವ ಹಳದಿ ಬಣ್ಣ) ಬಳಿಯುವುದು ಹಳೆಯ ಕಲಬೆರಕೆ. ಇದೂ ಅದೇನಾ ಎಂದು ಕಣ್ಣಲ್ಲಿ ನೋಡಿ ಹೇಳಲಾಗದು. ಪರೀಕ್ಷೆ ಮಾಡಿಸೋಣ, ಗರ್ಭಿಣಿಯರಿರುವ ಮನೆಗಳಿವೆ.

ಎ ಬ್ಲಾಕ್: ಸಾರಿಗೆ ಹಾಕುವ ಚಿಟಿಕೆಯಿಂದ ಅಷ್ಟು ಅಪಾಯವೇ ಮೇಡಂ?

5ನೇ ಕ್ರಾಸ್ (ಪ್ರಸೂತಿ ವೈದ್ಯೆ): ದಿನಾ ತಿನ್ನುವುದಲ್ಲವೇ, ಅದೇ ತೊಂದರೆ. ಮಾಸು (ಪ್ಲಾಸೆಂಟಾ) ಸೀಸವನ್ನು ತಡೆಯುವುದಿಲ್ಲ, ಅದು ಹೊಟ್ಟೆಯ ಮಗುವಿಗೂ ಹೋಗುತ್ತದೆ. ಮಗುವಿನ ನರಕೋಶಗಳು ಒಂದಕ್ಕೊಂದು ಬೆಸೆದುಕೊಳ್ಳುವ ಹೊತ್ತಿನಲ್ಲಿ ಕ್ಯಾಲ್ಸಿಯಂ ಜಾಗಕ್ಕೆ ಸೀಸ ನುಗ್ಗುತ್ತದೆ. ಮುಂದೆ ಕಲಿಕೆ, ಗಮನಕ್ಕೆ ಪೆಟ್ಟು. ತಾಯಿಯ ಮೂಳೆಯಲ್ಲಿ ಮೊದಲೇ ಕೂತಿದ್ದ ಸೀಸವೂ ಬಸುರಿನಲ್ಲಿ ರಕ್ತಕ್ಕೆ ಇಳಿಯುತ್ತದೆ. ಹಾಗಾಗಿ ಬಸುರಾದ ಮೇಲೆ ನೋಡೋಣ ಅನ್ನಬೇಡಿ.

ಅನುಮಾನವಿದ್ದರೆ ರಕ್ತದ ಸೀಸ ನೋಡಿಸಿ. ರಕ್ತನಾಳದಿಂದಲೇ ತೆಗೆಸಿ, ಬೆರಳು ಚುಚ್ಚಿದರೆ ಚರ್ಮದ ಮೇಲಿನ ಸೀಸ ಸೇರಿ ಲೆಕ್ಕ ತಪ್ಪುತ್ತದೆ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ನಿಲ್ಲಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕಿಂತ ಕಡಿಮೆ ಇದ್ದ ಮಾತ್ರಕ್ಕೆ ನಿರಾಳವಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ಎರಡನ್ನೂ ಒಟ್ಟಿಗೆ ನುಂಗದೆ 2 ಗಂಟೆ ಅಂತರ ಬಿಡಿ.

ಬಿ ಬ್ಲಾಕ್: ನೀರಿಗೆ ಹಾಕಿ ನೋಡಿದರೆ ಸಾಲದೇ?

3ನೇ ಕ್ರಾಸ್: ಸಾಲದು. ಕೊಂಬು ಹಾಕಿದ ಕೂಡಲೇ ನೀರು ಹಳದಿಯಾದರೆ ಅನುಮಾನಪಡಬಹುದು, ಅಷ್ಟೆ. ಲೆಡ್ ಕ್ರೋಮೇಟ್ ನೀರಿನಲ್ಲಿ ಕರಗುವುದೇ ಇಲ್ಲ. ನೀರು ತಿಳಿಯಾಗಿದ್ದರೂ ನಂಬಬೇಡಿ. ಲ್ಯಾಬಿನಲ್ಲಿ ಸೀಸ, ಕ್ರೋಮಿಯಂ ಎರಡನ್ನೂ ಅಳೆಯಲು ಬರೆದುಕೊಡಿ. ನಮ್ಮ ದೇಶದಲ್ಲಿ ಅರಿಶಿನಕ್ಕೆ ಸೀಸದ ಮಿತಿ ಕೆಜಿಗೆ 10 ಮಿಗ್ರಾಂ. ಮಿತಿ ಮೀರಿ, ತೂಕದಲ್ಲಿ ಸೀಸ ಕ್ರೋಮಿಯಂನ ಸುಮಾರು 4 ಪಟ್ಟು ಬಂದರೆ ಲೆಡ್ ಕ್ರೋಮೇಟ್ ಬಳಿದಿದ್ದಾರೆಂದೇ ಸೂಚನೆ.

ಸಂಘದ ಕಾರ್ಯದರ್ಶಿ: 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್‌ನಲ್ಲಿ ಗ್ರಾಹಕರೇ ಶುಲ್ಕ ಕಟ್ಟಿ ಫುಡ್ ಅನಲಿಸ್ಟ್‌ಗೆ (ಆಹಾರ ಪರೀಕ್ಷಿಸಿ ವರದಿ ಕೊಡುವ ಅಧಿಕಾರಿ) ಕೊಡಬಹುದು. 14 ದಿನದಲ್ಲಿ ವರದಿ. ದೋಷ ಸಿಕ್ಕರೆ ಶುಲ್ಕ ವಾಪಸ್. ಆದರೆ ಕೊಳ್ಳುವಾಗಲೇ ಅಂಗಡಿಯವರಿಗೆ "ಪರೀಕ್ಷೆಗೆ ಒಯ್ಯುತ್ತಿದ್ದೇವೆ" ಎಂದು ತಿಳಿಸಲೇಬೇಕು. ಬಿಲ್ ಪಡೆಯಿರಿ, ಅಲ್ಲೇ ಸೀಲ್ ಮಾಡಿ ದಿನಾಂಕ ಬರೆಯಿರಿ. ಭಾನುವಾರ ಇಬ್ಬರು ಜೊತೆಗೆ ಬನ್ನಿ.

3ನೇ ಕ್ರಾಸ್: ಅಂಗಡಿಯವರ ಮೇಲೆ ಕೂಗಾಡಬೇಡಿ, ಅವರಿಗೂ ಗೊತ್ತಿರಲಿಕ್ಕಿಲ್ಲ. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ 47% ಸ್ಯಾಂಪಲ್‌ಗಳಲ್ಲಿ ಸೀಸ ಸಿಕ್ಕಿತ್ತು. ಸಗಟು ಮಂಡಿಯವರನ್ನೇ ಹಿಡಿದು ದಂಡ ಹಾಕಿ, ಜನರಿಗೂ ತಿಳಿಹೇಳಿದ ಮೇಲೆ 2021ಕ್ಕೆ ಸೊನ್ನೆಗೆ ಇಳಿಯಿತು. ನಾವೂ ಮೂಟೆ ಯಾವ ಮಂಡಿಯದು ಎಂದು ಕೇಳಿ ಬರೆದುಕೊಳ್ಳೋಣ.