ತಲೆಯಾಡಿಸಿದರು, ಕ್ಯಾಪ್ಸೂಲ್ ನುಂಗಲಿಲ್ಲ

ಪ್ರಶ್ನೆ:
ನಾನು ಮಿಡ್‌ವೈಫ್. ಔಷಧ ಬರೆಯುವ ಅಧಿಕಾರ ಸಿಕ್ಕಿ ಇನ್ನೂ ವರ್ಷ ತುಂಬಿಲ್ಲ. ಮೊನ್ನೆ ಏಳು ತಿಂಗಳ ಗರ್ಭಿಣಿಯೊಬ್ಬರ ಹಿಮೋಗ್ಲೋಬಿನ್ 9.2 ಬಂತು, ಅಂದರೆ ರಕ್ತಹೀನತೆ. ತಿಂಗಳ ಹಿಂದೆಯೇ ಕಬ್ಬಿಣಾಂಶದ ಕ್ಯಾಪ್ಸೂಲ್ ಬರೆದುಕೊಟ್ಟಿದ್ದೆ. "ತಗೊಳ್ತಿದ್ದೀರಾ?" ಅಂದಾಗಲೆಲ್ಲ ತಲೆಯಾಡಿಸಿದ್ದರು. ಈ ಸಲ ಫೈಲ್ ತೆಗೆಯಲು ಬ್ಯಾಗ್ ಬಿಚ್ಚಿದಾಗ ಸ್ಟ್ರಿಪ್ ಕಾಣಿಸಿತು. ಮೂರೇ ಮೂರು ಖಾಲಿ. "ಇದರ ಹೊರಗಿನ ಕವಚ ಪ್ರಾಣಿಯದ್ದಂತೆ, ನಾವು ತಗೊಳ್ಳಲ್ಲ" ಅಂದರು, ತಾವೇ ತಪ್ಪು ಮಾಡಿದವರ ಹಾಗೆ. ತಪ್ಪು ನನ್ನದಲ್ವಾ? ಇದನ್ನೆಲ್ಲ ಮೊದಲೇ ಹೇಗೆ ಕೇಳುತ್ತೀರಿ? ಹೆಸರು ನೋಡಿ ಧರ್ಮ ಊಹಿಸೋದು ನನಗೆ ಇಷ್ಟವಿಲ್ಲ.

ಉತ್ತರ 1:
ಊಹಿಸಲೇಬೇಡಿ. ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: "ಔಷಧದಲ್ಲಿ ಇಂಥದ್ದು ಇರಬಾರದು ಅಂತ ನಿಮಗೇನಾದರೂ ಇದೆಯಾ?" ಕ್ಯಾಪ್ಸೂಲ್ ಕವಚಕ್ಕೆ ಬಳಸುವ ಜೆಲಾಟಿನ್ ಸಾಮಾನ್ಯವಾಗಿ ದನ ಅಥವಾ ಹಂದಿಯ ಚರ್ಮ, ಮೂಳೆಯಿಂದ ಬರುತ್ತದೆ. ರಕ್ತ ಹೆಪ್ಪುಗಟ್ಟದಿರಲು ಕೊಡುವ ಎನಾಕ್ಸಪರಿನ್ ಹಂದಿಯ ಕರುಳಿನಿಂದ ತಯಾರಾಗುತ್ತದೆ. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್, ಮಗುವಿನದ್ದು ಪಾಸಿಟಿವ್ ಇದ್ದಾಗ ಕೊಡುವ ಆಂಟಿ-ಡಿ ಇಂಜೆಕ್ಷನ್ ಮನುಷ್ಯರ ರಕ್ತದ ಪ್ಲಾಸ್ಮಾದಿಂದ. ಹೆರಿಗೆಯಾದ 72 ಗಂಟೆಯೊಳಗೆ ಅದನ್ನು ಕೊಡಬೇಕು. ಆ ಗಡಿಬಿಡಿಯಲ್ಲಿ ಈ ಮಾತು ಶುರು ಮಾಡಿದರೆ ಆಯ್ತು ಕಥೆ. ವಿಷಯ ಗೊತ್ತಾದ ಮೇಲೂ "ಪರವಾಗಿಲ್ಲ, ಕೊಡಿ" ಅನ್ನುವವರೇ ನನಗೆ ಜಾಸ್ತಿ ಸಿಕ್ಕಿದ್ದಾರೆ. ಆದರೆ ಆ ಮಾತು ಅವರ ಬಾಯಿಂದ ಬರಬೇಕು.

ಉತ್ತರ 2:
ಇನ್ನೊಂದು ವಿಷಯ, ಭಾಷೆ. ನನ್ನ ಹತ್ತಿರ ಬಂದಿದ್ದ ಒಬ್ಬರಿಗೆ ಅತ್ತೆಯೇ ದುಭಾಷಿ. ಫಂಗಸ್ ಸೋಂಕಿಗೆ ಯೋನಿಯೊಳಗೆ ಇಡುವ ಮಾತ್ರೆ ಬರೆದೆ. ಅತ್ತೆ ನಾಚಿಕೊಂಡು "ರಾತ್ರಿ ಒಂದು" ಅಂತಷ್ಟೇ ಹೇಳಿದರಂತೆ. ಸೊಸೆ ಅದನ್ನು ನುಂಗಿಬಿಟ್ಟಿದ್ದರು! ಅವತ್ತಿನಿಂದ ಮನೆಯವರಿಂದ ಅನುವಾದ ಮಾಡಿಸುವುದನ್ನು ಬಿಟ್ಟೆ. ಹೊರಗಿನ ದುಭಾಷಿಯನ್ನು ಕರೆಸುತ್ತೇನೆ. ಆಮೇಲೆ "ಮನೆಗೆ ಹೋಗಿ ಹೇಗೆ ತಗೊಳ್ತೀರಿ, ನನಗೇ ಹೇಳಿ ನೋಡೋಣ" ಅನ್ನುತ್ತೇನೆ. ಉಪವಾಸ ಇದ್ದಾರಾ ಅಂತಲೂ ಕೇಳಿ. ದಿನಕ್ಕೆ ಮೂರು ಸಲ ಅಂತ ಬರೆದ ಆಂಟಿಬಯಾಟಿಕ್, ಉಪವಾಸದಲ್ಲಿ ಸುಮ್ನೆ ಒಂದು ಸಲಕ್ಕೆ ಇಳಿದಿರುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ಇವತ್ತು ಅವರನ್ನು ಮತ್ತೆ ಕರೆಸಿದ್ದೆ. ಕ್ಯಾಪ್ಸೂಲ್ ಬದಲು ಸಿರಪ್ ಬರೆದೆ. ಮಲ ಕಪ್ಪಗಾಗುತ್ತದೆ, ಹೆದರಬೇಡಿ ಅಂತಲೂ ಹೇಳಿದೆ. ಈ ಸಲ ತಲೆಯಾಡಿಸಲಿಲ್ಲ. "ಇದರಲ್ಲಿ ಆಲ್ಕೋಹಾಲ್ ಇಲ್ಲ ತಾನೇ?" ಅಂದರು. ನನ್ನ ತಲೆಗೇ ಬಂದಿರಲಿಲ್ಲ ನೋಡಿ. ಬಾಟಲಿ ತಿರುಗಿಸಿ, ಆ ಇರುವೆ ಸಾಲಿನಂಥ ಅಕ್ಷರಗಳನ್ನು ಇಬ್ಬರೂ ಕೂತು ಓದಿದೆವು.